ಸಿಲಿಂಡರ್ ಇದೆ, ತುಂಬಿಸೋಕೆ ದುಡ್ಡಿಲ್ಲ. ಇಂಡಕ್ಷನ್ ಒಲೆ ತಗೊಳ್ಳಲಾ?

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆಯ ಹಳ್ಳಿ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುತ್ತೇವೆ. ಉಜ್ವಲ ಗ್ಯಾಸ್ ಬಂದು ಐದಾರು ವರ್ಷ ಆಯಿತು. ಒಂದೇ ಸಲ ಒಂಬೈನೂರರ ಹತ್ತಿರ ಕೊಡೋಕೆ ಆಗದೆ ವರ್ಷಕ್ಕೆ ಮೂರು ಸಿಲಿಂಡರ್ ತಂದರೆ ಹೆಚ್ಚು. ಉಳಿದಂತೆ ಸೌದೆ ಒಲೆಯೇ ಗತಿ. ಅತ್ತೆಗೆ ಹೊಗೆಯಿಂದ ಕೆಮ್ಮು. ಹೇಗೂ ಗೃಹಜ್ಯೋತಿಯಲ್ಲಿ ಕರೆಂಟು ಫ್ರೀ ಅಲ್ವಾ, ಇಂಡಕ್ಷನ್ ತಗೊಂಡರೆ ಹೇಗೆ?

ಉತ್ತರ: ಸ್ವಲ್ಪ ತಡೆಯಿರಿ ಅಮ್ಮ. ಮೊದಲು ಕರೆಂಟ್ ಬಿಲ್ ತೆಗೆದು ನೋಡಿ. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತಲ್ಲ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಒಂಚೂರು ಸೇರಿಸಿ, ಅಷ್ಟು ಮಾತ್ರ ಫ್ರೀ. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇದ್ದ ಮನೆಗೆ ಸಿಕ್ಕಿರುವ ಲೆಕ್ಕ ಸಣ್ಣದು. ಇಂಡಕ್ಷನ್ ಹಚ್ಚಿದರೆ ಆ ಗೆರೆ ದಾಟುತ್ತೀರಿ, ದಾಟಿದ್ದಕ್ಕೆಲ್ಲ ದುಡ್ಡು.

ಎಷ್ಟು ದುಡ್ಡು? 14.2 ಕೆಜಿ ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್ ಮಾಡಬೇಕಾದರೆ ಸುಮಾರು 125 ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೂ 750 ಆಯಿತು. ನಿಮಗೆ ಸಿಲಿಂಡರ್‌ಗೆ 300 ರೂಪಾಯಿ ಸಬ್ಸಿಡಿ ಇದೆ, ಅಂದರೆ ಗ್ಯಾಸ್ ಬೀಳುವುದು 600ರ ಆಸುಪಾಸು. ಸಬ್ಸಿಡಿ ಇಲ್ಲದ ಮನೆಗೆ ಕರೆಂಟು ಅಗ್ಗ ಆಗಬಹುದು, ನಿಮಗಲ್ಲ. ಜೊತೆಗೆ ನಿಮ್ಮ ಅಲ್ಯೂಮಿನಿಯಂ ಪಾತ್ರೆ ಯಾವುದೂ ಅದರ ಮೇಲೆ ಬಿಸಿಯಾಗುವುದಿಲ್ಲ. ಇನ್ನು ಆ ನುಣ್ಣನೆ ಗಾಜಿನ ಮೇಲೆ ಪಾತ್ರೆ ಇಟ್ಟು ಕೋಲು ಹಾಕಿ ರಾಗಿಮುದ್ದೆ ತಿರುವಿ ನೋಡಿ, ನಾನು ನೋಡಿದ್ದೇನೆ, ಪಾತ್ರೆ ಒಂದು ಕಡೆ, ನಾವೊಂದು ಕಡೆ!

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ ಮಾತು ‘ಒಂದೇ ಸಲ’ ಅನ್ನುವುದು. ದಿನಗೂಲಿ ಮನೆಯಲ್ಲಿ ದಿನಕ್ಕೆ 20 ರೂಪಾಯಿ ಎತ್ತಿಡಬಹುದು, 900 ಒಟ್ಟಿಗೆ ಎಲ್ಲಿಂದ ಬರಬೇಕು? ಸಬ್ಸಿಡಿಯೂ ಪೂರ್ತಿ ದುಡ್ಡು ಕೊಟ್ಟ ಮೇಲೆ ಬ್ಯಾಂಕಿಗೆ ಬೀಳುತ್ತದೆ, ಮೊದಲು ಹೊಂದಿಸೋ ಕಷ್ಟ ಹಾಗೇ ಉಳಿಯುತ್ತದೆ. 2016ರಲ್ಲಿ ಉಜ್ವಲ ಶುರುವಾದಾಗ ಗಮನವೆಲ್ಲ ಕನೆಕ್ಷನ್ ಕೊಡುವುದರ ಮೇಲಿತ್ತು, ಎರಡನೇ ಸಿಲಿಂಡರ್ ಹೇಗೆ ಬರುತ್ತದೆ ಅನ್ನುವ ಯೋಚನೆ ಕಮ್ಮಿ ಇತ್ತು ಅಂತ ನನ್ನ ಅಭಿಪ್ರಾಯ. ಕೀನ್ಯಾದ ನೈರೋಬಿಯಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಸಿಲಿಂಡರ್‌ಗೆ ಮೀಟರ್ ಕೂರಿಸಿ ಕೊಡುತ್ತಾರೆ, ನಾವು ಮೊಬೈಲ್ ರೀಚಾರ್ಜ್ ಮಾಡಿದ ಹಾಗೆ ಎಂ-ಪೆಸಾ ಅನ್ನೋ ಅಲ್ಲಿನ ಮೊಬೈಲ್ ಹಣದ ಸೇವೆಯಲ್ಲಿ ಚಿಲ್ಲರೆ ಹಾಕಿದರೆ ಅಷ್ಟಕ್ಕೆ ಗ್ಯಾಸ್ ಬಿಡುತ್ತದೆ.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಅಂದರೆ 5 ಕೆಜಿ ಸಿಲಿಂಡರ್. ಉಜ್ವಲದವರು ದೊಡ್ಡದರ ಬದಲು ಇದನ್ನು ತಗೊಳ್ಳಬಹುದು, ಸಬ್ಸಿಡಿ ತೂಕದ ಲೆಕ್ಕದಲ್ಲಿ ಬರುತ್ತದೆ. ಒಂದು ಸಲಕ್ಕೆ ಮುನ್ನೂರು ಚಿಲ್ಲರೆ ಸಾಕು. ತೊಂದರೆ ಏನಂದರೆ ಬೇಗ ಖಾಲಿಯಾಗುತ್ತದೆ, ಪ್ರತಿಸಲ ಆಟೋಗೆ ಕೊಟ್ಟರೆ ಉಳಿದದ್ದೂ ಹೋಯಿತು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಟ್ಟಿಗೆ ತರಿಸಿ. ಸಂಘದಲ್ಲಿ ಇದ್ದರೆ ಗ್ಯಾಸಿಗೇ ಅಂತ ವಾರಕ್ಕಿಷ್ಟು ಎತ್ತಿಡಿ. ಸಬ್ಸಿಡಿ ಯಾವ ಖಾತೆಗೆ ಬೀಳುತ್ತಿದೆ ಅಂತ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ, ಎಷ್ಟೋ ಜನರದ್ದು ಮರೆತುಹೋದ ಹಳೇ ಖಾತೆಗೆ ಹೋಗಿರುತ್ತದೆ.

ಇನ್ನು ಸೌದೆ. ಪೂರ್ತಿ ಬಿಡಿ ಅನ್ನುವುದಿಲ್ಲ, ಸ್ನಾನದ ನೀರಿಗೆ ಗ್ಯಾಸ್ ಸುಡೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಹಂಡೆ ಒಲೆಯನ್ನು ಮನೆಯಿಂದ ಆಚೆ ಹಾಕಿ, ಅತ್ತೆಯನ್ನು ಉರಿ ಹಾಕೋಕೆ ಕೂರಿಸಬೇಡಿ. ಒಳಗಿನ ಅಡುಗೆಯಾದರೂ ಗ್ಯಾಸಿನಲ್ಲಿ ಆಗಲಿ, ಬೇಳೆ ಕಾಳು ನೆನೆಸಿ ಕುಕ್ಕರಿಗೆ ಹಾಕಿ. ಕೆಮ್ಮು ಎರಡು ವಾರ ದಾಟಿದ್ದರೆ ಹೊಗೆ ಅಂತ ಸುಮ್ನೆ ಇರಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ.