ಮಿನಿ ಟ್ರಾಕ್ಟರ್ ನೇಗಿಲು ಆಳಕ್ಕೆ ಇಳಿಯದಿದ್ದರೆ

ಟಾಪ್ ಲಿಂಕ್ (ಟ್ರಾಕ್ಟರಿನ ಹಿಂಭಾಗಕ್ಕೂ ನೇಗಿಲಿನ ಮೇಲ್ತುದಿಗೂ ನಡುವೆ ಇರುವ, ತಿರುಗಿಸಿ ಉದ್ದ-ಗಿಡ್ಡ ಮಾಡುವ ಸರಳು) ಬೇಕಾದ್ದಕ್ಕಿಂತ ಉದ್ದ ಆಗಿರುವ ಹಾಗಿದೆ. ಯಲಬುರ್ಗಾದ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಒಂಟಿ ಕುಳದ ನೇಗಿಲು ಬರೀ ಮೇಲೆ ಕೆರೆಯುತ್ತದೆ, ಹಿಂಭಾಗ ನೆಲಕ್ಕೆ ಉಜ್ಜುತ್ತದೆ, ಏನು ಮಾಡಲಿ ಅಂತ ಒಬ್ಬರು ಕೇಳಿದ್ದಾರೆ. ಹಿಂಭಾಗ ಉಜ್ಜುತ್ತಿದೆ ಅಂದರೆ ನೇಗಿಲಿನ ಮೂತಿ ಮೇಲೆದ್ದಿದೆ.

ಮೊದಲು ಎರಡೂ ಹಿಂದಿನ ಗಾಲಿಗಳ ಗಾಳಿ ಸಮ ಇದೆಯಾ ನೋಡಿ. ಟ್ರಾಕ್ಟರನ್ನು ಗಟ್ಟಿ, ಸಪಾಟು ನೆಲದಲ್ಲಿ ನಿಲ್ಲಿಸಿ. ಮಣ್ಣು ಬಲಕ್ಕೆ ಮಗುಚುವ ನೇಗಿಲಾದರೆ ಎಡಗಡೆಯ ಎರಡೂ ಗಾಲಿಗಳನ್ನು ದಪ್ಪ ಹಲಗೆ ಮೇಲೆ ಹತ್ತಿಸಿ. 5 ಇಂಚು ಆಳ ಬೇಕಾದರೆ ಹಲಗೆ 5 ಇಂಚು. ಹೊಲದಲ್ಲಿ ಬಲ ಗಾಲಿ ಸಾಲಿನೊಳಗೆ ಓಡುತ್ತದೆ ಅಲ್ವಾ, ಅದೇ ಓರೆ ಇಲ್ಲಿ ಸಿಗುತ್ತದೆ. ಈಗ ನೇಗಿಲು ಇಳಿಸಿ, ಬಲಗಡೆ ಲಿಫ್ಟ್ ರಾಡಿನ (ನೇಗಿಲು ಎತ್ತಿ ಇಳಿಸುವ ಸರಳಿನ) ಹಿಡಿ ತಿರುಗಿಸಿ. ಹಿಂದೆ ನಿಂತು ನೋಡಿದರೆ ಚೌಕಟ್ಟು ನೆಲಕ್ಕೆ ಸಮ ಕಾಣಬೇಕು.

ಟಾಪ್ ಲಿಂಕ್ ಹೊಲದಲ್ಲೇ ಸರಿ ಮಾಡಿ. ಒಂದೊಂದೇ ಸುತ್ತು ಗಿಡ್ಡ ಮಾಡಿ, ಹತ್ತು ಮಾರು ಓಡಿಸಿ, ಇಳಿದು ಸಾಲು ನೋಡಿ. ಒಮ್ಮೆಲೇ ಐದಾರು ಸುತ್ತು ತಿರುಗಿಸಬೇಡಿ. ನಾನು ಹಾಗೆ ಮಾಡಿ, ಮೂತಿ ಕಚ್ಚಿಕೊಂಡು ಗಾಲಿ ನಿಂತಲ್ಲೇ ತಿರುಗಿತ್ತು. ನೇಗಿಲು ಅತ್ತಿತ್ತ ಓಲಾಡದಂತೆ ಹಿಡಿಯುವ ಪಕ್ಕದ ಚೈನುಗಳು ಸ್ವಲ್ಪ ಸಡಿಲ ಇರಲಿ.

ಇಷ್ಟಾದರೂ ಇಳಿಯದಿದ್ದರೆ ಕುಳದ ತುದಿ ಸವೆದಿರಬಹುದು, ಇಲ್ಲಾ ನೆಲಕ್ಕೆ ಹದ ಇರಲಿಕ್ಕಿಲ್ಲ. ಹಿಡಿ ಮಣ್ಣು ಉಂಡೆ ಕಟ್ಟಿ ಎದೆಮಟ್ಟದಿಂದ ಬಿಡಿ. ಪುಡಿಯಾಗಿ ಒಡೆದರೆ ಹೂಡಿ. ಚಪ್ಪಟೆಯಾದರೆ ಇನ್ನೆರಡು ದಿನ ತಡೆಯಿರಿ. ಉಂಡೆಯೇ ಕಟ್ಟದಷ್ಟು ಒಣಗಿದ್ದರೆ ಮಳೆ ಕಾಯಿರಿ, ಒಣ ಎರೆಗೆ ಮಿನಿ ಟ್ರಾಕ್ಟರ್ ಸಾಲದು.