ಕರ್ಪೂರದ ವಾಸನೆಯಿಂದ ಶುರುಮಾಡಿ

ನಮಸ್ಕಾರ.

‘ತಾತನ ಚಾಕು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಬಿಟ್ಟುಬಿಡಲೂ ಮನಸ್ಸು ಬರುತ್ತಿಲ್ಲ, ಅದಕ್ಕೇ ಈ ಪತ್ರ.

ನಿಮ್ಮ ತಾತ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಕೊಂಡ ಮಡಚುವ ಚಾಕು ಟಿಪ್ಪು ಕಾಲದ್ದು, ಹಿಡಿ ಆನೆದಂತದ್ದು ಎಂದು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟಿದ್ದೀರಿ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಆದರೆ ಅಲಗಿನ ಬುಡದಲ್ಲಿ ಕಿರೀಟ, ಅದರ ಅಕ್ಕಪಕ್ಕ ವಿ ಮತ್ತು ಆರ್, ಕೆಳಗೆ ‘ಶೆಫೀಲ್ಡ್, ಇಂಗ್ಲೆಂಡ್’ ಎಂದಿದೆ ಅಂತ ಮೂರನೇ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ. ವಿ, ಆರ್ ಎಂದರೆ ವಿಕ್ಟೋರಿಯಾ ರಾಣಿಯ ಗುರುತು, ಆಕೆ ಪಟ್ಟಕ್ಕೆ ಬಂದದ್ದು 1837ರಲ್ಲಿ. ದೇಶದ ಹೆಸರು ಒತ್ತುವುದು ರೂಢಿಯಾದದ್ದು ಇನ್ನೂ ತಡವಾಗಿ, ಆಮದು ಸರಕಿನ ಮೇಲೆ ಅದು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ ಮೇಲೆ. ಒಂದು ಎಚ್ಚರ: ಮೊಹರು ‘ಇದಕ್ಕಿಂತ ಹಳೆಯದಲ್ಲ’ ಎನ್ನುತ್ತದೆ, ‘ಇದೇ ವರ್ಷದ್ದು’ ಎನ್ನುವುದಿಲ್ಲ. ‘ಸ್ಟೇನ್‌ಲೆಸ್’ ಎಂದಿದ್ದರೆ 1913ಕ್ಕಿಂತ ಹಿಂದೆ ಹೋಗುವಂತೆಯೇ ಇರಲಿಲ್ಲ. ನಿಮ್ಮದು ಕಪ್ಪಗಾದ ಮಾಮೂಲಿ ಉಕ್ಕು.

ಇನ್ನು ನಿಮ್ಮ ಲೇಖನದ ಅತ್ಯುತ್ತಮ ಸಾಲು: ‘ಡ್ರಾಯರ್ ತೆಗೆದರೆ ಇಂದಿಗೂ ತಾತನ ಪೂಜೆಯ ಕರ್ಪೂರ ಘಮ್ಮೆನ್ನುತ್ತದೆ.’ ಓದಿ ಎದೆ ತುಂಬಿತು. ಆದರೆ ಆ ವಾಸನೆ ಬರುತ್ತಿರುವುದು ಬಹುಶಃ ಹಿಡಿಯಿಂದಲೇ. ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದಿರಬೇಕು, ಅದನ್ನು ತಯಾರಿಸುವುದಕ್ಕೇ ಕರ್ಪೂರ ಬೇಕು. ಹಿಡಿಯನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿ ಮೂಸಿ ನೋಡಿ, ಗೊತ್ತಾಗುತ್ತದೆ. ಸ್ಕೇಲ್ ಇಟ್ಟು ಎಳೆದಂಥ ಗೆರೆಗಳೆಂದು ನೀವು ಮೆಚ್ಚಿದ್ದೀರಲ್ಲ, ದಂತವನ್ನು ಅನುಕರಿಸಲು ಸೆಲ್ಯುಲಾಯ್ಡಿನಲ್ಲಿ ಮಾಡುತ್ತಿದ್ದದ್ದು ಅಂಥದ್ದನ್ನೇ. ಆ ವಸ್ತು ಮಾರುಕಟ್ಟೆಗೆ ಬಂದದ್ದು 1870ರ ದಶಕದಲ್ಲಿ. ತಾತನ ನೆನಪಿಗೆ ಇದರಿಂದ ಏನೂ ಕುಂದಿಲ್ಲ. ಎರಡು ಕರ್ಪೂರಗಳೂ ಲೇಖನದಲ್ಲಿರಲಿ.

ದಂತ ಎಂಬ ಮಾತನ್ನು ಮಾತ್ರ ತೆಗೆಯಲೇಬೇಕು. 1972ರ ವನ್ಯಜೀವಿ ಕಾಯ್ದೆಯಡಿ ಆನೆದಂತ ಮಾರುವುದು ಅಪರಾಧ. ಖಚಿತವಿಲ್ಲದೆ ಅಚ್ಚು ಹಾಕುವ ಮಾತಲ್ಲ ಅದು.

ತುಕ್ಕಿಗೆ ಬೆಂಗಳೂರಿನ ಮಳೆಯನ್ನು ದೂರಿದ್ದೀರಿ. ಹಳೆಯ ಸೆಲ್ಯುಲಾಯ್ಡ್ ಹಾಳಾಗುತ್ತಾ ಬಂದಾಗ ಅದರಿಂದ ಏಳುವ ಆವಿಯೂ ಉಕ್ಕನ್ನು ತಿನ್ನುತ್ತದೆ. ಚಾಕುವನ್ನು ಗಾಳಿಯಾಡುವ ಕಡೆ, ಬೇರೆ ಚಾಕುಗಳಿಂದ ದೂರ, ಬಿಸಿಲು ಬೆಂಕಿ ತಾಗದಂತೆ ಇಡಿ. ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸುತ್ತೇನೆಂದು ಕೊನೆಯಲ್ಲಿ ಬರೆದಿದ್ದೀರಿ, ದಯವಿಟ್ಟು ಬೇಡ. ಆ ಮೊಹರು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಅಲಗಿಗೆ ಒಂದು ಹನಿ ಎಣ್ಣೆ ಸಾಕು.

ಮೊದಲ ಎರಡು ಪ್ಯಾರಾ ಕಿತ್ತುಹಾಕಿ, ಡ್ರಾಯರಿನಿಂದ ಶುರುಮಾಡಿ ಮತ್ತೆ ಬರೆಯಿರಿ. ಜೊತೆಗೆ ಮೊಹರಿನ ಫೋಟೊ ಕಳಿಸಿ, ಹಗಲು ಬೆಳಕಿನಲ್ಲಿ, ಹತ್ತಿರದಿಂದ ತೆಗೆದದ್ದು. ಲೇಖನದ ಪಕ್ಕದಲ್ಲೇ ಅದನ್ನೂ ಹಾಕೋಣ.

ಇಂತಿ,
ಸಂಪಾದಕ