ಜಿರ್ಕೋನಿಯಾ ಗಟ್ಟಿ, ಸರಿ. ಹಲ್ಲಿಗೆ ಸರಿಯಾಗಿ ಕೂರಬೇಕಲ್ಲ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕ, ವಯಸ್ಸು 58. ಕೆಳಗಿನ ದವಡೆಹಲ್ಲಿಗೆ ರೂಟ್ ಕೆನಾಲ್ ಆಗಿದೆ. ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಪಿಂಗಾಣಿಯಂಥ ವಸ್ತುವಿನ ಕ್ಯಾಪ್ ಹಾಕಿಸಿ ಎನ್ನುತ್ತಾರೆ ಡಾಕ್ಟರು. ಹಿಂದೆ ಪಕ್ಕದ ಹಲ್ಲಿಗೆ ಲೋಹದ ಮೇಲೆ ಬಿಳಿ ಇರುವ ಕ್ಯಾಪ್ ಹಾಕಿಸಿದ್ದೆ. ಅದರ ಬಿಳಿ ಎದ್ದು ಹೋಗಿದೆ. ಈ ಸಲ ಬಾಯಿಗೆ ಪೇಸ್ಟ್ ತುಂಬಿ ಅಳತೆ ತೆಗೆಯುವುದಿಲ್ಲವಂತೆ. ಪೆನ್ನಿನಂಥ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ ಫೈಲನ್ನು ಮಂಗಳೂರಿನ ಲ್ಯಾಬಿಗೆ ಕಳಿಸುತ್ತಾರಂತೆ. ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥ ಉಂಟಾ? ವೀಳ್ಯ ಹಾಕುವ ಅಭ್ಯಾಸವೂ ಇದೆ.

ಉತ್ತರ: ಹಳೆಯ ಕ್ಯಾಪಿನಿಂದಲೇ ಶುರು ಮಾಡೋಣ. ಅದರ ಒಳಗೆ ಲೋಹದ ತೆಳು ಟೊಪ್ಪಿ ಇರುತ್ತದೆ. ಅದರ ಮೇಲೆ ಪೊರ್ಸೆಲಿನ್ ಪುಡಿಯನ್ನು ಪದರ ಪದರವಾಗಿ ಹಚ್ಚಿ ಸುಡುತ್ತಾರೆ. ಲೋಹ ಗಟ್ಟಿಯೇ, ಆದರೆ ಪೊರ್ಸೆಲಿನ್ ಗಾಜಿನ ಜಾತಿ. ಗಾರೆ ಬಿಟ್ಟ ಗೋಡೆಯ ಹಾಗೆ ಮೇಲಿನದು ಮಾತ್ರ ಎದ್ದು ಬರುತ್ತದೆ. ಮೊದಮೊದಲು ಬಂದ ಜಿರ್ಕೋನಿಯಾ ಕ್ಯಾಪಿಗೂ ಮೇಲೆ ಪೊರ್ಸೆಲಿನ್ ಹಚ್ಚುತ್ತಿದ್ದರು, ಅದೂ ಹಾಗೆಯೇ ಚಕ್ಕೆ ಏಳುತ್ತಿತ್ತು. ಈಗ ದವಡೆಹಲ್ಲಿಗೆ ಒಂದೇ ತುಂಡಿನಲ್ಲಿ ಕೊರೆದ ಕ್ಯಾಪ್ ಸಿಗುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಮೊದಲು ಇದನ್ನೇ ಕೇಳಿ: ಪೂರ್ತಿ ಜಿರ್ಕೋನಿಯಾವೋ, ಮೇಲೆ ಪದರ ಉಂಟೋ?

ಜಿರ್ಕೋನಿಯಾದಲ್ಲೂ ಒಂದೇ ತಳಿ ಅಲ್ಲ. ಅದಕ್ಕೆ ಇಟ್ರಿಯಾ ಎಂಬ ಆಕ್ಸೈಡನ್ನು ಸ್ವಲ್ಪ ಬೆರೆಸುತ್ತಾರೆ. ಆ ಪಾಲು (ಮೋಲ್ ಲೆಕ್ಕದಲ್ಲಿ) ಶೇ 3 ಇದ್ದರೆ ಬಲ ಸುಮಾರು 1000 ಮೆಗಾಪಾಸ್ಕಲ್ (ಮುರಿಯದೆ ತಡೆಯುವ ಒತ್ತಡದ ಅಳತೆ). ಬಿರುಕು ಬಿಡಲು ಹೊರಟರೆ ಅದರ ತುದಿಯಲ್ಲಿರುವ ಹರಳುಗಳು ತುಸು ಉಬ್ಬಿ ಬಿರುಕನ್ನೇ ಅದುಮಿ ಹಿಡಿಯುತ್ತವೆ. ಬಣ್ಣ ಮಾತ್ರ ಸುಣ್ಣದ ಹಾಗೆ ಕಾಣುತ್ತದೆ. ಪಾಲನ್ನು ಶೇ 5ಕ್ಕೆ ಏರಿಸಿದರೆ ಬೆಳಕು ಒಳಗೆ ಹಾಯುತ್ತದೆ, ನಿಜವಾದ ಹಲ್ಲಿನಂತೆ ಕಾಣುತ್ತದೆ. ಆದರೆ ಆ ಉಬ್ಬುವ ಗುಣ ಬಹುತೇಕ ಹೋಗಿ ಬಲ ಸುಮಾರು 600ರ ಆಸುಪಾಸಿಗೆ ಇಳಿಯುತ್ತದೆ. ಚಂದ ಬೇಕಾದ ಮುಂದಿನ ಹಲ್ಲಿಗೆ ಅದು, ಇಲ್ಲವೇ ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನ ಜಾತಿಯ ಪಿಂಗಾಣಿ ಸರಿ. ನಿಮ್ಮ ದವಡೆಹಲ್ಲಿಗೆ ಗಟ್ಟಿ ತಳಿಯೇ ಬೇಕು. ನಿಜ ಹೇಳಬೇಕೆಂದರೆ, ಯಾರಿಗೂ ಕಾಣದ ಹಲ್ಲಿಗೆ ಬರೀ ಲೋಹದ ಕ್ಯಾಪ್ ಹಾಕಿಸಿದರೂ ತಪ್ಪೇನಿಲ್ಲ. ಅದಕ್ಕೆ ಹಲ್ಲನ್ನು ಕಡಿಮೆ ಅರೆದರೆ ಸಾಕು. ಆದರೆ ಆ ಮಾತು ಈಗ ಯಾರಿಗೂ ರುಚಿಸುವುದಿಲ್ಲ.

ಇನ್ನು ಸ್ಕ್ಯಾನ್. ನಾನು ಕೆಲಸ ಶುರು ಮಾಡಿದ ಕಾಲದಲ್ಲಿ ಆಲ್ಜಿನೇಟ್ ಎಂಬ, ನೀರಿನಲ್ಲಿ ಕಲಸುವ ಪೇಸ್ಟಿನ ಅಚ್ಚನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮಂಗಳೂರಿಗೆ ಕಳಿಸಿದ್ದೆ. ಏಪ್ರಿಲ್ ಬಿಸಿಲು, ತಲಪಾಡಿ ದಾಟುವಷ್ಟರಲ್ಲಿ ಬಟ್ಟೆ ಒಣಗಿತ್ತು. ಅಚ್ಚು ಕುಗ್ಗಿತು. ಆ ಅಳತೆಗೆ ಬಂದ ಕ್ಯಾಪ್ ಹಲ್ಲಿನ ಮೇಲೆ ಕೂರಲೇ ಇಲ್ಲ. ಫೈಲಿಗೆ ಈ ತೊಂದರೆ ಇಲ್ಲ. ಲ್ಯಾಬಿನವರು ಕಂಪ್ಯೂಟರಿನಲ್ಲಿ ಕ್ಯಾಪಿನ ರೂಪ ಮಾಡಿ, ಇನ್ನೂ ಪೂರ್ತಿ ಬೇಯದ, ಸೀಮೆಸುಣ್ಣದಷ್ಟು ಮೆತ್ತಗಿರುವ ಜಿರ್ಕೋನಿಯಾ ಬಿಲ್ಲೆಯಿಂದ ಕೊರೆಯುತ್ತಾರೆ. ಹಸಿ ಅಡಿಕೆ ಅಂಗಳದಲ್ಲಿ ಒಣಗಿ ಎಷ್ಟು ಕುಗ್ಗುತ್ತದೆ ಎಂದು ನಿಮಗೆ ನಾನು ಹೇಳಬೇಕಾ? ಇದೂ ಹಾಗೆಯೇ. ಸುಮಾರು 1500 ಡಿಗ್ರಿ ಕುಲುಮೆಯಲ್ಲಿ ಬೆಂದಾಗ ಉದ್ದ, ಅಗಲ, ಎತ್ತರ ಎಲ್ಲವೂ ಶೇ 20ರಷ್ಟು ಚಿಕ್ಕದಾಗುತ್ತವೆ. ಆ ಲೆಕ್ಕ ಹಾಕಿ ಮೊದಲೇ ದೊಡ್ಡದಾಗಿ ಕೊರೆದಿರುತ್ತಾರೆ. ಬೇಯುತ್ತಿರುವಾಗ ಕರೆಂಟು ಹೋದರೆ ಎಲ್ಲವೂ ಹಾಳಾಗಬಹುದು. ಮಳೆಗಾಲದಲ್ಲಿ ಲ್ಯಾಬಿನವರ ತಲೆನೋವೇ ಅದು.

ಆದರೆ ಕ್ಯಾಮೆರಾಗೆ ಬೆಳಕು ಬೀಳುವ ಜಾಗ ಮಾತ್ರ ಕಾಣುತ್ತದೆ. ಅರೆದ ಹಲ್ಲಿನ ಅಂಚಿನ ಮೇಲೆ ವಸಡು ಬಾಗಿದ್ದರೆ, ರಕ್ತವೋ ಜೊಲ್ಲೋ ನಿಂತಿದ್ದರೆ, ಅಲ್ಲಿ ಅಂಚು ಎಲ್ಲಿದೆ ಎಂದು ಲ್ಯಾಬಿನವರು ಊಹಿಸಿಯೇ ಗೆರೆ ಎಳೆಯಬೇಕು. ಯಂತ್ರ ಆ ಊಹೆಯನ್ನೇ ಚಂದಕ್ಕೆ ಕೊರೆದು ಕೊಡುತ್ತದೆ. ಅದಕ್ಕೇ ಒಳ್ಳೆಯ ಡಾಕ್ಟರು ವಸಡಿನ ಸಂದಿಗೆ ನೂಲು ತುರುಕಿ, ಒಣಗಿಸಿ, ಆಮೇಲೆ ಸ್ಕ್ಯಾನ್ ಮಾಡುತ್ತಾರೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ತಾಳಿಕೊಳ್ಳಿ. ಆಗದಿದ್ದರೆ ಸಿಲಿಕೋನ್ ಪೇಸ್ಟಿನಲ್ಲಿ ಅಳತೆ ತೆಗೆದರೂ ಅದು ಹಳೇ ಕಾಲದ ಕೆಲಸ ಅಂತ ಬೇಸರ ಬೇಡ.

ವೀಳ್ಯದ ಮಾತು. ಜಿರ್ಕೋನಿಯಾ ಹುಳುಕಾಗುವುದಿಲ್ಲ. ಅದರ ಒಳಗಿನ ಹಲ್ಲು ಆಗುತ್ತದೆ, ಅದೂ ಅಂಚಿನಿಂದ. ಅಡಿಕೆ ಹೋಳನ್ನು ಆ ಬದಿಯಲ್ಲಿ ಕಡಿಯಬೇಡಿ. ಬಣ್ಣ ನೋಡುವ ಮೊದಲು ಹಲ್ಲು ಕ್ಲೀನ್ ಮಾಡಿಸಿ, ಇಲ್ಲದಿದ್ದರೆ ಕಂದು ಕಲೆಗೆ ಹೊಂದುವ ಕ್ಯಾಪ್ ಬಂದೀತು. ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಿಲ್ಲವೆಂದರೆ, ಖಾರ ಉರಿಯುತ್ತದೆಂದರೆ, ಕ್ಯಾಪ್ ಆಮೇಲೆ, ಮೊದಲು ಅದನ್ನು ತೋರಿಸಿ. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪಟ್ಟಿ ಮಾಡಿದೆ. ಅಡಿಕೆ ಬೆಳೆಯುವವರಿಗೆ ಇದನ್ನು ಹೇಳುವಾಗ ನನಗೂ ಕಸಿವಿಸಿಯೇ.

ಕ್ಯಾಪ್ ಕೂರಿಸಿದ ಮೇಲೆ ಕಚ್ಚುವಾಗ ಎತ್ತರ ಅನಿಸಿದರೆ ಡಾಕ್ಟರು ಅರೆದು ಸರಿ ಮಾಡುತ್ತಾರೆ. ಆ ಜಾಗಕ್ಕೆ ಮತ್ತೆ ಪಾಲಿಶ್ ಆಯಿತಾ ಎಂದು ಕೇಳಿ. ನುಣ್ಣಗಿರುವ ಜಿರ್ಕೋನಿಯಾ ಎದುರು ಹಲ್ಲಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ, ಒರಟಾಗಿ ಬಿಟ್ಟರೆ ಅದನ್ನು ಸವೆಸುತ್ತದೆ. ವಾರಂಟಿ ಕಾರ್ಡು ಜೋಪಾನ. ಅದು ಸಾಮಾನ್ಯವಾಗಿ ಕ್ಯಾಪ್ ಒಡೆದರೆ ಮಾತ್ರ, ಒಳಗಿನ ಹಲ್ಲು ಕೆಟ್ಟರೆ ಅಲ್ಲ. ಸಹಿ ಹಾಕುವ ಫಾರ್ಮು ಮಲಯಾಳದಲ್ಲಿದ್ದರೆ ಓದಿ ಹೇಳಿಸಿಕೊಳ್ಳಿ, ಸಂಕೋಚ ಬೇಡ.

ಪ್ರಶ್ನೆ: ಮಗಳು ಗರ್ಭಿಣಿ. ಕ್ಯಾಪಿಗಾಗಿ ಬಾಯಿ ಸ್ಕ್ಯಾನ್ ಮಾಡಿಸಬಹುದಾ? (ಮಂಜೇಶ್ವರದ ಓದುಗರು)

ಉತ್ತರ: ಹಲ್ಲಿನ ಅಳತೆಗೆ ಬಾಯೊಳಗೆ ಆಡಿಸುವ ಸ್ಕ್ಯಾನರಿನಲ್ಲಿ ಇರುವುದು ಬೆಳಕು ಮತ್ತು ಕ್ಯಾಮೆರಾ ಅಷ್ಟೆ, ಎಕ್ಸ್‌ರೇ ಇಲ್ಲ. ಧಾರಾಳವಾಗಿ ಮಾಡಿಸಿ. ಆದರೆ ಮುಖದ ಸುತ್ತ ತಿರುಗುವ ಯಂತ್ರಕ್ಕೂ ನಮ್ಮಲ್ಲಿ ಸ್ಕ್ಯಾನ್ ಎಂದೇ ಹೇಳುತ್ತಾರೆ. ಅದು ಎಕ್ಸ್‌ರೇ. ಯಾವುದು ಎಂದು ಕೇಳಿ, ಗರ್ಭಿಣಿ ಎಂಬುದನ್ನು ಮೊದಲೇ ತಿಳಿಸಿ.